ವಿನಯಕ್ಕೆ ಶಸ್ತ್ರಚಿಕಿತ್ಸೆ

ಗಾಡಿಯಣ್ಣನಷ್ಟು ವಿನಯವಂತ ನಮ್ಮ ಕಟ್ಟಡ ಪರವಾನಗಿ ಕಚೇರಿಯಲ್ಲಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂದು ಮೂವರು ಸಾಹೇಬರು ಬೇರೆ ಬೇರೆ ಕಾಲದಲ್ಲಿ ಅಪ್ಪಣೆ ಕೊಡಿಸಿದ್ದರು. ಮೂವರೂ ತಪ್ಪು ಎಂಬುದು ಸ್ಕ್ಯಾನಿಂಗಿನಲ್ಲಿ ಗೊತ್ತಾಯಿತು.

ಗಾಡಿಯಣ್ಣ ಕಡತ ಕೋಣೆಯ ಅಟೆಂಡರು. ಮನೆ ಕಟ್ಟುವವರ ಅರ್ಜಿ, ಸುರುಳಿ ಸುತ್ತಿದ ನಕ್ಷೆ, ತಕರಾರು, ತಕರಾರಿಗೆ ಉತ್ತರ, ಉತ್ತರಕ್ಕೆ ತಕರಾರು, ಇವನ್ನೆಲ್ಲ ನಾಲ್ಕು ಚಕ್ರದ ಕಬ್ಬಿಣದ ಗಾಡಿಗೆ ಹೇರಿ ಕೋಣೆಯಿಂದ ಕೋಣೆಗೆ ತಳ್ಳುವುದು ಅವನ ಕೆಲಸ. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಹೇಗೋ ಜೀವ ಹಿಡಿದುಕೊಂಡಿತ್ತು. ಬಾಯಲ್ಲಿ ಎಲ್ಲರಿಗೂ ಅವನು ಗಾಡಿಯಣ್ಣ. ಯಾಕೆಂದರೆ ಗಾಡಿ ಬಿಟ್ಟು ಅವನನ್ನು ಯಾರೂ ನೋಡಿರಲಿಲ್ಲ. ಖಾಲಿ ಗಾಡಿಯಾದರೂ ಸರಿಯೇ, ಹಿಡಿಕೆಯ ಮೇಲೆ ಮೊಣಕೈ ಊರಿ, ಸೊಂಟ ಬಗ್ಗಿಸಿ ದಿನವಿಡೀ ತಳ್ಳುತ್ತಿದ್ದ. ಒಂದೇ ಒಂದು ಹಾಳೆ ಕೇಳಿದರೂ ಗಾಡಿಯಲ್ಲೇ ತರುತ್ತಿದ್ದ. ಇದಕ್ಕೆ ಕಚೇರಿ ಕೊಟ್ಟ ಹೆಸರು ಕರ್ತವ್ಯನಿಷ್ಠೆ.

ಸಾಹೇಬರ ಎದುರು ನಿಂತಾಗ ಅವನ ತಲೆ ಅವರ ಮೇಜಿನ ಮಟ್ಟಕ್ಕೆ ಇಳಿಯುತ್ತಿತ್ತು. ಅವನು ಹೀಗೆ ಬಗ್ಗಲು ಶುರುಮಾಡಿ ಒಂಬತ್ತು ವರ್ಷ, ಅಷ್ಟರಲ್ಲಿ ಮೂವರು ಸಾಹೇಬರು ಬದಲಾದರು. ಅದು ಅವನಿಗೆ ಗೊತ್ತಾದದ್ದು ಬೂಟುಗಳಿಂದ. ಈಗಿನ ಸಾಹೇಬರಿಗಂತೂ ಅವನೆಂದರೆ ಪ್ರಾಣ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಮೊದಲ ದಿನವೇ ಸಾಲಾಗಿ ನಿಲ್ಲಿಸಿ, ಗಾಡಿಯಣ್ಣನನ್ನು ಕರೆಸಿ ತೋರಿಸುತ್ತಿದ್ದರು.

"ಇವನನ್ನ ನೋಡಿ ಕಲೀರಿ. ಇಷ್ಟು ವರ್ಷ ಆಯ್ತು, ಇವತ್ತಿನ ತನಕ ನನ್ನ ಮುಖ ಎತ್ತಿ ನೋಡಿಲ್ಲ."

ಹೊಸಬರು ಬೆರಗಾಗಿ ನೋಡುತ್ತಿದ್ದರು. ಗಾಡಿಯಣ್ಣ ಅವರ ಚಪ್ಪಲಿಗಳನ್ನು ನೋಡುತ್ತಿದ್ದ.

ದಿನಾ ನೂರು ಜನ ಸೇರಿ ನೀನು ವಿನಯವಂತ ಅಂದರೆ ಮನುಷ್ಯ ನೂರೊಂದನೆಯವನಾಗಿ ತಾನೂ ನಂಬುತ್ತಾನೆ. ಗಾಡಿಯಣ್ಣನೂ ನಂಬಿದ್ದ. ನೆಟ್ಟಗೆ ನಿಂತರೆ ಎರಡೂ ಕಾಲಿನಲ್ಲಿ ಬೆಂಕಿ ಹರಿಯುವುದು, ಬಗ್ಗಿದ ಕೂಡಲೇ ಅದು ಆರುವುದು, ಇದೆಲ್ಲ ತನ್ನ ಒಳ್ಳೆಯ ಗುಣದ ಲಕ್ಷಣ ಎಂದೇ ತಿಳಿದಿದ್ದ. ಕೆಟ್ಟವರಿಗೆ ನೆಟ್ಟಗೆ ನಿಂತರೂ ಏನೂ ಆಗುವುದಿಲ್ಲವಲ್ಲ.

ಬೀದಿಯಲ್ಲಿ ಅವನ ಖ್ಯಾತಿ ಬೇರೆ ತರಹದ್ದು. ಬಸ್ಸಿಳಿದು ಮನೆಗೆ ಇನ್ನೂರು ಹೆಜ್ಜೆ. ಇಪ್ಪತ್ತು ಹೆಜ್ಜೆಗೊಮ್ಮೆ ಒಂದು ಗೇಟಿಗೋ ಗೋಡೆಗೋ ಒರಗದಿದ್ದರೆ ಕಾಲು ತನ್ನದಲ್ಲ. ಆ ಗೇಟಿನವರು ಮಾತಿಗೆ ಸಿಗುತ್ತಿದ್ದರು. ಮೊದಲನೇ ನಿಲ್ದಾಣ ಇಸ್ತ್ರಿಯವನ ಮೇಜು, ಎರಡನೆಯದು ನಿವೃತ್ತ ಮೇಷ್ಟರ ಗೇಟು, ಕೊನೆಯದು ಮೂಲೆಮನೆ ಅಜ್ಜಿಯ ತಗ್ಗು ಗೋಡೆ. ಹಡಗಿನಲ್ಲಿ ಅಡುಗೆಯವನಾಗಿದ್ದ ತನ್ನ ಗಂಡನ ಕಥೆಯನ್ನು ಅಜ್ಜಿ ಕಂತು ಕಂತಾಗಿ ಹೇಳುತ್ತಿದ್ದಳು. ಗಾಡಿಯಣ್ಣ ಗೋಡೆಯ ಮೇಲೆ ಹೊಟ್ಟೆ ಊರಿ ಹೂಂಗುಟ್ಟುತ್ತಿದ್ದ. ಮೂರು ವರ್ಷದಿಂದ ಹಡಗು ಸಮುದ್ರದಲ್ಲೇ ಇತ್ತು. ಈ ಕಾಲದಲ್ಲೂ ಇಂಥ ಸ್ನೇಹಜೀವಿ ಇದ್ದಾನೆ ಎಂದು ಬೀದಿಯವರು ಬಾಯ್ತುಂಬ ಹೊಗಳುತ್ತಿದ್ದರು.

ಹೀಗೆ ಒಂದೇ ಬೆನ್ನಿನ ಮೇಲೆ ಕರ್ತವ್ಯನಿಷ್ಠೆ, ವಿನಯ, ಸ್ನೇಹ ಮೂರೂ ನಿಂತಿದ್ದವು.

ಕಡತ ಕೋಣೆಯ ಉಸ್ತುವಾರಿ ಸದ್ಯದಲ್ಲೇ ನಿವೃತ್ತನಾಗುವವನಿದ್ದ. ಆ ಹುದ್ದೆಗೆ ಒಂದು ಮೇಜು, ಒಂದು ಕುರ್ಚಿ, ಒಂದು ಕಿಟಕಿ. ಹೊರುವ ಕೆಲಸವಿಲ್ಲ, ಬರೆಯುವ ಕೆಲಸ. ಇಂಥ ವಿನಯಕ್ಕೆ ಒಂದು ಮೇಜು ಕೊಡದಿದ್ದರೆ ಕಚೇರಿಗೇ ಅವಮಾನ ಎಂದು ಸಾಹೇಬರು ಮೂರು ಸಲ ಹೇಳಿದ್ದರು. ಗಾಡಿಯಣ್ಣ ಮನೆಯಲ್ಲಿ ಅದನ್ನು ಮೂವತ್ತು ಸಲ ಹೇಳಿದ್ದ.

ಹೀಗಿರುವಾಗ ಒಂದು ದಿನ ಗಾಡಿಯ ಚಕ್ರ ಮುರಿಯಿತು. ದುರಸ್ತಿಗೆ ಹೋಯಿತು. ಕಡತ ಕೋಣೆಯಿಂದ ಸಾಹೇಬರ ಕೋಣೆಗೆ ನಲವತ್ತು ಹೆಜ್ಜೆ. ಗಾಡಿಯಣ್ಣ ಒಂದು ಕಡತ ಹಿಡಿದು ಹೊರಟು, ಇಪ್ಪತ್ತೆರಡನೇ ಹೆಜ್ಜೆಯಲ್ಲಿ ನೆಲಕ್ಕೆ ಕುಸಿದು ಕೂತ. ಸಾಹೇಬರು ಬಂದು ನೋಡಿ ಕಣ್ಣು ಒರೆಸಿಕೊಂಡರು. ಗಾಡಿಯಿಲ್ಲದೆ ಒಂದು ಗಂಟೆ ಇರಲಾರದ ಇಂಥ ನೌಕರ ಎಲ್ಲಿದ್ದಾನೆ ಎಂದು ಪಕ್ಕದವರನ್ನು ಕೇಳಿದರು.

ಹೆಂಡತಿಯ ಕಣ್ಣು ಮಾತ್ರ ಒದ್ದೆಯಾಗಲಿಲ್ಲ. ಅವಳು ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಮಕ್ಕಳ ಸಮವಸ್ತ್ರ ಹೊಲಿಯುವವಳು. ಒಂಬತ್ತು ವರ್ಷದಿಂದ ಗಂಡನ ಅಂಗಿಯನ್ನು ಬೆನ್ನಿಗೆ ನಾಲ್ಕು ಬೆರಳು ಉದ್ದ, ಎದೆಗೆ ನಾಲ್ಕು ಬೆರಳು ಗಿಡ್ಡ ಕತ್ತರಿಸುತ್ತಾ ಬಂದಿದ್ದಳು. ಗುಣಕ್ಕೆ ಅಳತೆ ಇರುವುದಿಲ್ಲ, ಕಾಯಿಲೆಗೆ ಇರುತ್ತದೆ ಎಂಬುದು ಕತ್ತರಿ ಹಿಡಿದವಳಿಗೆ ಗೊತ್ತಿತ್ತು. ಮರುದಿನವೇ ಅವನನ್ನು ಬೆನ್ನಿನ ಡಾಕ್ಟರ ಮುಂದೆ ಕೂರಿಸಿದಳು.

ಡಾಕ್ಟರು ಸ್ಕ್ಯಾನಿಂಗ್ ಹಾಳೆಯನ್ನು ಬೆಳಕಿಗೆ ಹಿಡಿದು, ಸೊಂಟದ ಹತ್ತಿರ ನರಗಳು ಇಳಿಯುವ ದಾರಿ ಇಕ್ಕಟ್ಟಾಗಿದೆ, ಬಗ್ಗಿದಾಗ ಆ ದಾರಿ ಕೂದಲೆಳೆಯಷ್ಟು ಅಗಲವಾಗುತ್ತದೆ, ಅದಕ್ಕೇ ಆರಾಮ ಎಂದರು. ಗಾಡಿಯಣ್ಣ ಸಂಕೋಚದಿಂದ, ತನ್ನದು ಹುಟ್ಟುಗುಣ, ವಿನಯ ಅಂತಾರೆ ಎಂದು ತಿಳಿಸಿದ. ಡಾಕ್ಟರು ಅವನನ್ನೇ ನೋಡಿದರು.

"ಅದು ನಾಲ್ಕನೇ ಮೂಳೆಗೂ ಐದನೇ ಮೂಳೆಗೂ ನಡುವೆ ಇದೆ," ಎಂದರು. "ನರದ ಮೇಲೆ ಮೂಳೆಯದೊಂದು ಚಾವಣಿ ಇರುತ್ತೆ. ಅಷ್ಟನ್ನ ತೆಗೆದ್ರೆ ನರಕ್ಕೆ ಜಾಗ ಆಗುತ್ತೆ. ಲ್ಯಾಮಿನೆಕ್ಟಮಿ ಅಂತಾರೆ."

ಗಾಡಿಯಣ್ಣ ಕಟ್ಟಡ ಪರವಾನಗಿ ಕಚೇರಿಯ ಮನುಷ್ಯ. ಚಾವಣಿ ಎಂದ ಕೂಡಲೇ ಎಚ್ಚರವಾದ.

"ಚಾವಣಿ ತೆಗೆದ್ರೆ ಗೋಡೆ ನಿಲ್ಲುತ್ತಾ ಸಾರ್? ಅನುಮತಿ ಬೇಡವಾ?"

"ಗೋಡೆ ನಿಲ್ಲುತ್ತೆ. ಅನುಮತಿ ನೀವೇ ಕೊಡಬೇಕು, ಇಲ್ಲಿ ಸಹಿ ಮಾಡಿ."

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅನುಮತಿಯ ಕಾಗದವನ್ನು ತಾನು ಸಹಿ ಮಾಡುವ ಜಾಗದಿಂದ ನೋಡಿದ್ದು ಅವತ್ತೇ ಮೊದಲು. ಆ ಗೌರವ ಅವನ ನೆತ್ತಿಗೇರಿತು. ನಾಲ್ಕು ಪುಟವನ್ನೂ ಓದಿದ. ನಕ್ಷೆ ಲಗತ್ತಿಸಿಲ್ಲ ಎಂದು ತಕರಾರು ತೆಗೆದ. ಹೊರಗೆ ಹದಿನೆಂಟು ರೋಗಿಗಳು ಕಾಯುತ್ತಿರುವಾಗ ಡಾಕ್ಟರು ಬೆನ್ನುಮೂಳೆಯ ನಕ್ಷೆ ಬರೆದು, ಕೆಡವಬೇಕಾದ ಭಾಗಕ್ಕೆ ಕೆಂಪು ಗೆರೆ ಹಾಕಿ ಕೊಟ್ಟರು. ಕಾಲಿನ ಉರಿ ಬೇಗ ಹೋಗುತ್ತದೆ, ಪಾದದ ಜೋಮು ತಿಂಗಳುಗಟ್ಟಲೆ ಹಿಡಿಯಬಹುದು, ಚೂರು ಉಳಿದರೂ ಉಳಿಯಬಹುದು, ಗಾಯ ಮಾತ್ರ ಎರಡು ವಾರ ತನ್ನ ಇರವನ್ನು ನೆನಪಿಸುತ್ತಿರುತ್ತದೆ ಎಂದು ಒಂದೊಂದಾಗಿ ಹೇಳಿದರು. ಗಾಡಿಯಣ್ಣ ಅದೆಲ್ಲವನ್ನೂ ನಕ್ಷೆಯ ಹಿಂದೆ ಬರೆಸಿಕೊಂಡು ದಿನಾಂಕ ಹಾಕಿಸಿಕೊಂಡ.

ಸುದ್ದಿ ಹರಡಿತು. ನಮ್ಮ ಜನಕ್ಕೆ ಬೆನ್ನುಮೂಳೆಯ ಆಪರೇಷನ್ ಎಂದರೆ ಸಾಕು, ಎಲ್ಲರಿಗೂ ಒಬ್ಬೊಬ್ಬ ಸತ್ತವನು ಗೊತ್ತು. ಹೆಂಡತಿಯ ತಮ್ಮ ಇನ್ನೊಂದು ಹೆಜ್ಜೆ ಮುಂದೆ. ಆತ ಬೀಗ ರಿಪೇರಿ ಮಾಡುವವನು, ಪ್ರಪಂಚದಲ್ಲಿ ಬಿಚ್ಚಲಾಗದ್ದು ಯಾವುದೂ ಇಲ್ಲ ಎಂಬ ವಿಶ್ವಾಸದವನು. ಒಂದು ಮೂಳೆ ತೆಗೆದರೆ ಉಳಿದವು ಸಡಿಲವಾಗಿ ಭಾವ ಕೊನೆಗೆ ಗೋಣಿಚೀಲದ ಹಾಗೆ ಮೂಲೆಯಲ್ಲಿ ಕುಸಿದು ಕೂರುತ್ತಾರೆ, ಅಕ್ಕ ಅವರನ್ನು ಗೋಡೆಗೆ ಒರಗಿಸಿ ಊಟ ಹಾಕಬೇಕಾಗುತ್ತದೆ ಎಂದು ಬಂದವರಿಗೆಲ್ಲ ವಿವರಿಸಿದ. ಸಾಹೇಬರೂ ಬಂದು ಧೈರ್ಯ ತುಂಬಿದರು. ಏನಾದರೂ ಆಗಲಿ, ಈ ವಿನಯವೊಂದನ್ನು ಕಾಪಾಡಿಕೋ ಎಂದರು.

ಆಪರೇಷನ್ ಬಗ್ಗೆ ಹೇಳಲು ಗಾಡಿಯಣ್ಣನ ಬಳಿ ಏನೂ ಇಲ್ಲ. ಒಂದು ಮುಖವಾಡ ಹಾಕಿದರು, ಹತ್ತರಿಂದ ಹಿಂದಕ್ಕೆ ಎಣಿಸು ಅಂದರು, ಏಳರಲ್ಲಿದ್ದಾಗ ಮುಗಿದಿದೆ ಅಂದರು. ಬೋರಲು ಮಲಗಿಸಿ ಎರಡು ಗಂಟೆ ಕೆಲಸ ಮಾಡಿದ್ದರಂತೆ. ಅವನ ಮಟ್ಟಿಗೆ ಏಳಕ್ಕೂ ಆರಕ್ಕೂ ನಡುವೆ ಆದದ್ದು. ಬೆನ್ನಿನಿಂದ ಒಂದು ಸಣ್ಣ ಕೊಳವೆ ಇಳಿಬಿದ್ದಿತ್ತು. ಮರುದಿನ ಬೆಳಿಗ್ಗೆ ನರ್ಸಮ್ಮ ಬಂದು ಎದ್ದು ನಡೆಯಬೇಕು ಎಂದರು. ಭಾವಮೈದ ಗಾಬರಿಯಾಗಿ ಹಿಡಿದುಕೊಳ್ಳಲು ಓಡಿಬಂದ. ನರ್ಸಮ್ಮ ಅವನನ್ನು ಬಾಗಿಲಾಚೆ ನಿಲ್ಲಿಸಿ, ಮರದ ದಿಮ್ಮಿ ಉರುಳುವ ಹಾಗೆ ಹೆಗಲು, ಸೊಂಟ, ಮಂಡಿ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಕಾಲು ಇಳಿಬಿಟ್ಟು, ಕೈಯೂರಿ ಕೂರುವುದನ್ನು ಕಲಿಸಿದರು. ಆಮೇಲೆ ನಿಲ್ಲಿಸಿದರು.

ಗಾಡಿಯಣ್ಣ ನಿಂತ. ನಿಲ್ಲುತ್ತಲೇ ಹೋದ. ಬೆನ್ನು ಗಾಯದಲ್ಲಿ ಚುರುಗುಟ್ಟಿತು, ಆದರೆ ಕಾಲಿನಲ್ಲಿ ಬೆಂಕಿ ಇರಲಿಲ್ಲ. ಕೋಣೆಗೆ ಕಿಟಕಿ ಇತ್ತು, ಕಿಟಕಿಗೆ ಮೇಲಿನ ಅರ್ಧವೂ ಇತ್ತು. ಹೆಂಡತಿ ಎದುರು ಬಂದು ತಲೆಯೆತ್ತಿ ನೋಡಿದಳು.

"ಇಷ್ಟು ಉದ್ದ ಇದ್ರಿ ಅನ್ನೋದೇ ಮರ್ತುಹೋಗಿತ್ತು ಕಣ್ರೀ."

ತೊಟ್ಟಿದ್ದ ಅಂಗಿಯ ಮುಂದಿನ ಅಂಚು ಹೊಕ್ಕುಳ ಮುಟ್ಟುತ್ತಿರಲಿಲ್ಲ, ಯಾಕೆಂದರೆ ಅದು ಅವಳೇ ಹಳೇ ಅಳತೆಗೆ ಹೊಲಿದದ್ದು. ಅವತ್ತೇ ಅಳತೆ ಟೇಪು ತೆಗೆದಳು.

ಮೂರನೇ ದಿನ ಮನೆಗೆ ಕಳಿಸಿದರು. ಡಾಕ್ಟರು ಬರೆದುಕೊಟ್ಟ ಕಾಗದದಲ್ಲಿ ಆರು ವಾರ ಬಗ್ಗಬಾರದು, ಸೊಂಟ ತಿರುಚಬಾರದು, ಎರಡು ಕಿಲೋಗಿಂತ ಹೆಚ್ಚು ಎತ್ತಬಾರದು, ಒಂದೇ ಸಲಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು, ದಿನಾ ನಡೆಯಬೇಕು ಎಂದಿತ್ತು. ಬಾಯಿಮಾತಲ್ಲಿ ಇನ್ನೊಂದು ಹೇಳಿದ್ದರು: ಆರು ವಾರ ಕಳೆದ ಮೇಲೂ ಭಾರ ಹೊರುವ ಕೆಲಸ ಹಿಡಿದರೆ ಮತ್ತೆ ಇದೇ ಮೇಜಿನ ಮೇಲೆ ಭೇಟಿಯಾಗೋಣ. ಭಾವಮೈದ ಇಡೀ ಮನೆಯನ್ನು ಸೊಂಟದ ಮಟ್ಟಕ್ಕೆ ಏರಿಸಿದ. ಚಪ್ಪಲಿ ಕಿಟಕಿಯ ಮೇಲೆ ಬಂತು, ನೀರಿನ ಕೊಡ ಊಟದ ಮೇಜಿನ ಮೇಲೆ, ಪೊರಕೆ ಗಡಿಯಾರದ ಮೊಳೆಗೆ. ನೋವಿನ ಮಾತ್ರೆಯಿಂದ ಹೊಟ್ಟೆ ಕಟ್ಟಿಕೊಂಡು ನಾಲ್ಕು ದಿನ ಏನೂ ಆಗದಿದ್ದಾಗ ಅದೂ ಮನೆಯ ಸಾರ್ವಜನಿಕ ವಿಚಾರವಾಯಿತು. ಐದನೇ ದಿನದ ಸಂತೋಷವನ್ನು ಭಾವಮೈದ ಮೇಷ್ಟರ ಗೇಟಿನವರೆಗೂ ಹೋಗಿ ಹಂಚಿಕೊಂಡ.

ಹೊಲಿಗೆ ಬಿಚ್ಚಿದ ಮೇಲೆ ಗಾಡಿಯಣ್ಣ ಬೀದಿಗಿಳಿದ. ಡಾಕ್ಟರು ನಿಲ್ಲದೆ ಹತ್ತು ನಿಮಿಷ, ಆಮೇಲೆ ಹದಿನೈದು ನಿಮಿಷ ನಡೆಯಿರಿ ಎಂದಿದ್ದರು. ನಡೆದ. ಇಸ್ತ್ರಿಯವನಿಗೆ ಕೈಯೆತ್ತಿದ, ನಿಲ್ಲಲಿಲ್ಲ. ಮೇಷ್ಟರಿಗೆ ನಕ್ಕ, ನಿಲ್ಲಲಿಲ್ಲ. ಅಜ್ಜಿಯ ಗೋಡೆ ದಾಟಿದ. ಹಡಗು ನಡುನೀರಿನಲ್ಲಿ ನಿಂತಿತು.

ಸಂಜೆಗೆ ಬೀದಿ ಒಂದು ತೀರ್ಮಾನಕ್ಕೆ ಬಂದಿತ್ತು. ಬೆನ್ನು ನೆಟ್ಟಗಾದ ಮೇಲೆ ಮನುಷ್ಯನಿಗೆ ತಲೆ ತಿರುಗಿದೆ, ಆಪರೇಷನ್ ಮಾಡುವಾಗ ಡಾಕ್ಟರು ಯಾವುದೋ ಬೇರೆ ನರಕ್ಕೂ ಕೈಹಾಕಿರಬೇಕು. ಹಿಂದಿನಿಂದ ಯಾರಾದರೂ ಕರೆದರೆ ಅವನು ಕತ್ತು ತಿರುಗಿಸುತ್ತಿರಲಿಲ್ಲ, ಸೊಂಟ ತಿರುಚುವ ಭಯಕ್ಕೆ ಇಡೀ ದೇಹವನ್ನು ಬಾಗಿಲಿನಂತೆ ತಿರುಗಿಸುತ್ತಿದ್ದ. ಅದು ದಂಡನಾಯಕರು ತಿರುಗುವ ರೀತಿ ಎಂದು ಮೇಷ್ಟರು ಅಭಿಪ್ರಾಯಪಟ್ಟರು. ಅಜ್ಜಿ ಮಾತ್ರ ತೀರ್ಮಾನಕ್ಕೆ ಸಹಿ ಹಾಕಲಿಲ್ಲ. ಮರುದಿನ ಊರುಗೋಲು ಹಿಡಿದು ಬೀದಿಗೇ ಬಂದಳು. ಅವನ ಪಕ್ಕದಲ್ಲಿ ಹೆಜ್ಜೆ ಹಾಕುತ್ತಾ, ನಿಲ್ಲೋಕೆ ಆಗಲ್ಲ ಅಂದ್ರೆ ನಡೀತಾನೇ ಕೇಳಪ್ಪ, ಮನೇಲಿ ಕೂತು ನಂಗೂ ಮಂಡಿ ಹಿಡ್ಕೊಂಡಿದೆ ಎಂದಳು. ಎರಡೇ ವಾರದಲ್ಲಿ ಹಡಗು ದಡ ಸೇರಿತು.

ಕಚೇರಿ ಅಜ್ಜಿಯಷ್ಟು ಬುದ್ಧಿವಂತವಲ್ಲ.

ನಾಲ್ಕನೇ ವಾರ ಮುಗಿದ ಮೇಲೆ ಹಗುರ ಕೆಲಸಕ್ಕೆ ಅಡ್ಡಿಯಿಲ್ಲ ಎಂಬ ಚೀಟಿ ಹಿಡಿದು, ಹೆಂಡತಿ ಹೊಲಿದ ಹೊಸ ಅಂಗಿ ತೊಟ್ಟು ಗಾಡಿಯಣ್ಣ ಹಾಜರಾದ. ಸಾಹೇಬರ ಕೋಣೆಗೆ ಹೋಗಿ ನಿಂತ. ಸಾಹೇಬರು ಅಭ್ಯಾಸದಂತೆ ಮೇಜಿನ ಮಟ್ಟಕ್ಕೆ ಕಣ್ಣು ಹಾಯಿಸಿದರು. ಅಲ್ಲಿ ಅಂಗಿಯ ಮೂರನೇ ಗುಂಡಿ ಇತ್ತು. ಅಲ್ಲಿಂದ ಮೇಲೆ, ಇನ್ನೂ ಮೇಲೆ ನೋಡುತ್ತಾ ಹೋಗಿ ಕೊನೆಗೆ ಒಂದು ಮುಖ ಸಿಕ್ಕಿತು. ಆ ಮುಖ ಅವರನ್ನೇ ನೋಡುತ್ತಿತ್ತು, ನಗುತ್ತಲೂ ಇತ್ತು. ಸಾಹೇಬರು ಎದ್ದು ನಿಂತರು. ಎದ್ದರೂ ಅವನ ಹೆಗಲಿಗೆ ಬಂದರು. ಮತ್ತೆ ಕೂತರು. ಯಾರು ಬೇಕಾಗಿತ್ತು ಎಂದು ಕೇಳಿದರು.

ಆ ದಿನ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಗಾಡಿಯಣ್ಣ ಕಡತ ಕೋಣೆಗೆ ಹೋದ. ಒಂಬತ್ತು ವರ್ಷದಿಂದ ಅವನು ಕೆಳಗಿನ ಮೂರು ಅಡ್ಡಹಲಗೆಗಳನ್ನು ಮಾತ್ರ ನೋಡಿದ್ದವನು. ಅವತ್ತು ಮೊದಲ ಸಲ ಮೇಲಿನ ಹಲಗೆ ಕಂಡಿತು. ಅಲ್ಲಿ ಧೂಳಿನಡಿ ಹನ್ನೊಂದು ಕಡತಗಳು ಮಲಗಿದ್ದವು. ಒಂದೊಂದೇ ತೆಗೆದರೆ ಎರಡು ಕಿಲೋ ಮೀರುವುದಿಲ್ಲ. ಹಸನ್ಮುಖಿಯಾಗಿ ಹನ್ನೊಂದು ಸಲ ನಡೆದು, ಹನ್ನೊಂದನ್ನೂ ಸಾಹೇಬರ ಮೇಜಿನ ಮೇಲೆ ಪೇರಿಸಿದ.

ಆ ಹನ್ನೊಂದು ಕಡತಗಳನ್ನು ಗೆದ್ದಲು ತಿಂದಿದೆ ಎಂದು ಸಾಹೇಬರು ಸ್ವಹಸ್ತದಿಂದ ಮೇಲಿನವರಿಗೆ ಬರೆದುಕೊಟ್ಟು ನಾಲ್ಕು ವರ್ಷವಾಗಿತ್ತು. ಹುಡುಕುವುದಕ್ಕಿಂತ ಗೆದ್ದಲು ಸುಲಭ. ಅದರಲ್ಲಿ ನಮ್ಮ ಬೀದಿಯ ಇಸ್ತ್ರಿಯವನ ಒಂದು ಕೋಣೆಯ ಅರ್ಜಿಯೂ ಇತ್ತು. ಆ ಮನುಷ್ಯ ನಾಲ್ಕು ವರ್ಷದಿಂದ ಬೀದಿಯಲ್ಲಿ ಮೇಜಿಟ್ಟುಕೊಂಡು ಗೆದ್ದಲನ್ನು ಶಪಿಸುತ್ತಿದ್ದ. ಗುಮಾಸ್ತರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಸಾಹೇಬರು ತುಂಬ ಸಂತೋಷ ಎಂದರು. ಸಂತೋಷಪಟ್ಟವರ ಮುಖ ಹಾಗಿರುವುದಿಲ್ಲ.

ಬಗ್ಗಿದ ನೌಕರನಿಂದ ಕಚೇರಿಗೆ ಎಷ್ಟು ಅನುಕೂಲ ಎಂಬುದು ಆಗ ಅವರಿಗೆ ಮನದಟ್ಟಾಗಿರಬೇಕು. ಬಗ್ಗಿದವನಿಗೆ ಕೆಳಗಿನ ಹಲಗೆಯಷ್ಟೇ ಕಾಣುತ್ತದೆ. ಇಂಥ ವಿನಯವನ್ನು ಮಾದರಿ ಎಂದು ಯಾಕೆ ಸಾರುತ್ತಾರೆ, ಹೊಸಬರಿಗೆಲ್ಲ ಯಾಕೆ ತೋರಿಸುತ್ತಾರೆ ಎಂದು ಓದುಗರು ಬಿಡುವಾದಾಗ ಯೋಚಿಸಬಹುದು. ನಾವು ಕಥೆಗೆ ಬರೋಣ.

ಆ ವಾರ ಮಾಸಿಕ ಸಭೆ. ಶಿಸ್ತಿನ ಬಗ್ಗೆ ಸಾಹೇಬರ ಭಾಷಣ. ಭಾವಮೈದ ಕಟ್ಟಿದ್ದ ಕೈಗಡಿಯಾರ ಇಪ್ಪತ್ತು ನಿಮಿಷಕ್ಕೆ ಕೀಂ ಎಂದಿತು. ಸಾಹೇಬರು ವಿಧೇಯತೆ ಎಂಬ ಪದದ ಮಧ್ಯದಲ್ಲಿದ್ದರು. ಗಾಡಿಯಣ್ಣ ಎದ್ದು, ದೇಹವನ್ನು ಬಾಗಿಲಿನಂತೆ ತಿರುಗಿಸಿ, ತಲೆಯೆತ್ತಿಕೊಂಡು ಹೊರನಡೆದ. ವರಾಂಡದಲ್ಲಿ ಐದು ನಿಮಿಷ ಅಡ್ಡಾಡಿ ವಾಪಸು ಬರುವುದು ಅವನ ಲೆಕ್ಕ. ಆದರೆ ನೌಕರರ ಸಂಘದ ಕಾರ್ಯದರ್ಶಿ ಎರಡು ವರ್ಷದಿಂದ ಒಂದು ಹೋರಾಟಕ್ಕಾಗಿ ಬಾಯಿಬಿಟ್ಟುಕೊಂಡು ಕಾಯುತ್ತಿದ್ದವನು. ಅವನೂ ಎದ್ದ. ಅವನ ಹಿಂದೆ ನಾಲ್ವರು. ಯಾಕೆ ಎದ್ದೆವು ಎಂದು ಗೊತ್ತಿಲ್ಲದ ಇನ್ನೂ ಮೂವರು. ವರಾಂಡದಲ್ಲಿ ಗಾಡಿಯಣ್ಣ ತಿರುಗಿ ನೋಡಿದರೆ ಹಿಂದೆ ಮೆರವಣಿಗೆ. ಅವನು ಬೆಚ್ಚಿಬಿದ್ದು ಬೇಗ ಬೇಗ ನಡೆದ. ಮೆರವಣಿಗೆಯೂ ಬೇಗ ಬೇಗ ನಡೆಯಿತು. ಸಂಜೆ ಸೂಚನಾ ಫಲಕದಲ್ಲಿ 'ಬಗ್ಗದ ಬೆನ್ನು' ಎಂಬ ಭಿತ್ತಿಪತ್ರ ಅಂಟಿತ್ತು. ಅದರಲ್ಲಿ ಅವನ ಚಿತ್ರ, ಸೊಂಟ ತಿರುಚಿ ಮುಷ್ಟಿ ಎತ್ತಿದ ಭಂಗಿಯಲ್ಲಿ. ಡಾಕ್ಟರು ಸೊಂಟ ತಿರುಚಬೇಡಿ ಎಂದಿದ್ದಾರೆ, ಚಿತ್ರ ಬದಲಾಯಿಸಿ ಎಂದು ಅವನು ಬೇಡಿಕೊಂಡ. ಹೋರಾಟಗಾರನ ಹಾಸ್ಯಪ್ರಜ್ಞೆ ಎಂದು ಕಾರ್ಯದರ್ಶಿ ಅದನ್ನೂ ಕೆಳಗೆ ಬರೆಸಿದ.

ಮರುದಿನ ಜ್ಞಾಪನ ಬಂತು. 'ರಜೆಯಿಂದ ಮರಳಿದ ನಂತರ ತಮ್ಮ ಭಂಗಿಯಲ್ಲಿ ಕಂಡುಬಂದಿರುವ ಬದಲಾವಣೆಗೆ ಮೂರು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.' ಗಾಡಿಯಣ್ಣ ಡಾಕ್ಟರ ಚೀಟಿ ಲಗತ್ತಿಸಿದ. ಬಗ್ಗಬಾರದು ಎಂದು ಚೀಟಿಯಲ್ಲಿದೆ, ನೆಟ್ಟಗೆ ನಿಲ್ಲಬೇಕು ಎಂದು ಎಲ್ಲಿಯೂ ಇಲ್ಲ ಎಂಬ ಷರಾದೊಂದಿಗೆ ಅದು ಹಿಂದಿರುಗಿತು. ಜೊತೆಗೆ ವಿಚಾರಣೆಯ ದಿನಾಂಕ. ಉಸ್ತುವಾರಿ ಹುದ್ದೆಯ ಕಡತವನ್ನು ಸಾಹೇಬರು ತಮ್ಮ ಮೇಜಿನ ಒಳಗಿಟ್ಟು ಬೀಗ ಹಾಕಿದರು. ಅವನನ್ನು ಉಗ್ರಾಣಕ್ಕೆ ವರ್ಗ ಮಾಡುವ ಆದೇಶ ಸಹಿಗೆ ಸಿದ್ಧವಾಗಿದೆ ಎಂದು ಹಿರಿಯ ಗುಮಾಸ್ತ ಕಿವಿಯಲ್ಲಿ ಹೇಳಿದ. ಉಗ್ರಾಣವೆಂದರೆ ಅಕ್ರಮ ಕಟ್ಟಡಗಳಿಂದ ಕಿತ್ತು ತಂದ ಬಾಗಿಲು, ಕಬ್ಬಿಣದ ಸರಳು, ಗ್ರಿಲ್ಲು. ದಿನವಿಡೀ ಹೊರುವುದು, ಇಳಿಸುವುದು. ಗಾಡಿಯಣ್ಣ ನಕ್ಷೆ ತೆಗೆದು ಡಾಕ್ಟರು ಹಾಕಿದ ಕೆಂಪು ಗೆರೆಯನ್ನು ನೋಡಿದ. ಅಲ್ಲಿ ಈಗ ಚಾವಣಿ ಇರಲಿಲ್ಲ.

ಮನೆಯಲ್ಲಿ ತುರ್ತು ಸಭೆ ಸೇರಿತು. ಬೆನ್ನು ಬಗ್ಗಿಸದೆ ವಿನಯ ತೋರಿಸುವ ದಾರಿ ಹುಡುಕಿದರೆ ಎಲ್ಲ ಸರಿಹೋಗುತ್ತದೆ ಎಂದು ಭಾವಮೈದ ವಾದಿಸಿದ. ತಾನೇ ಕುರ್ಚಿಯ ಮೇಲೆ ಸಾಹೇಬನಾಗಿ ಕೂತ. ಗಾಡಿಯಣ್ಣ ತಲೆ ತಗ್ಗಿಸಿ ನೋಡಿದ. ಗುದ್ದಲು ಬರುವ ಟಗರಿನ ಹಾಗೆ ಕಂಡಿತು. ಹೆಗಲು ಕುಗ್ಗಿಸಿದ, ಕಳ್ಳನ ಹಾಗೆ ಕಂಡಿತು. ಕಣ್ಣು ಅರೆಮುಚ್ಚಿ ಮಂದಹಾಸ ಬೀರಿದ. ಮೇಷ್ಟರು ಕಿಟಕಿಯಿಂದ ನೋಡುತ್ತಿದ್ದವರು, ಇದು ಆಶೀರ್ವಾದ ಮಾಡುವವರ ಮುಖ, ಇದರಿಂದ ಕೇಸು ಬಿಗಿಯಾಗುತ್ತದೆ ಎಂದರು. ಒಂದು ಗಂಟೆ ಕಸರತ್ತಾದ ಮೇಲೆ, ಚೂರೇ ಚೂರು, ಎರಡು ಬೆರಳಿನಷ್ಟು ಬಗ್ಗಿದರೆ ಡಾಕ್ಟರಿಗೇನು ಗೊತ್ತಾಗುತ್ತದೆ ಎಂದು ಗಾಡಿಯಣ್ಣನೇ ಮೆಲ್ಲಗೆ ಕೇಳಿದ. ಹೊಲಿಗೆ ಯಂತ್ರ ನಿಂತಿತು.

"ಮೇಜು ಹೋದ್ರೆ ಹೋಗ್ಲಿ," ಎಂದಳು ಹೆಂಡತಿ. "ಆದ್ರೆ ಹಳೇ ಅಳತೆಗೆ ಇನ್ನೊಂದು ಅಂಗಿ ಹೊಲಿಯೋಕೆ ನಂಗಾಗಲ್ಲ. ಹೇಳಿಬಿಟ್ಟಿದೀನಿ."

ವಿಚಾರಣೆ ಸಾಹೇಬರ ಕೋಣೆಯಲ್ಲೇ; ಅದಕ್ಕೆ ಬೇರೆ ಕಚೇರಿಯಿಂದ ಒಬ್ಬ ಹಿರಿಯ ಅಧಿಕಾರಿಣಿ ಬಂದರು. ಕನ್ನಡಕವನ್ನು ಮೂಗಿನ ತುದಿಯಲ್ಲಿಟ್ಟುಕೊಂಡು ಮಾತಿಗಿಂತ ಕಾಗದವನ್ನು ಹೆಚ್ಚು ನಂಬುವ ಹೆಂಗಸು. ಸಾಹೇಬರು ಅವರ ಬಲಕ್ಕೆ ಕೂತರು. ಎದುರು ಗಾಡಿಯಣ್ಣ ನಿಂತ. ಬಾಗಿಲಾಚೆ ಕಾರ್ಯದರ್ಶಿಯ ನೇತೃತ್ವದಲ್ಲಿ ಇಡೀ ಕಚೇರಿ ನಿಂತಿತ್ತು.

ಸಾಹೇಬರು ಆರೋಪಪಟ್ಟಿ ಓದಿದರು. ನೆಟ್ಟಗೆ ನಿಂತದ್ದು. ಮೇಲಧಿಕಾರಿಯ ಮುಖವನ್ನು ನೇರವಾಗಿ ನೋಡಿದ್ದು, ಅದೂ ಮೇಲಿನಿಂದ. ಸಭಾತ್ಯಾಗ. ಕರೆದಾಗ ದಂಡನಾಯಕನಂತೆ ತಿರುಗಿದ್ದು. ಒಂಬತ್ತು ವರ್ಷ ಮಾದರಿಯಾಗಿದ್ದ ನೌಕರ ಹೀಗಾಗಿರುವುದು ದುರುದ್ದೇಶದಿಂದಲೇ ಎಂದು ಮುಗಿಸಿ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಫ್ಯಾನಿನ ಗಾಳಿಗೆ ಅದು ಹಾರಿ, ಗಾಡಿಯಣ್ಣನ ಕಾಲ ಬಳಿ ನೆಲಕ್ಕೆ ಬಿತ್ತು.

ಇದಕ್ಕಿಂತ ಒಳ್ಳೆಯ ಸಾಕ್ಷಿ ಸಾಹೇಬರಿಗೆ ಸಿಗುವುದು ಸಾಧ್ಯವಿರಲಿಲ್ಲ. ಎತ್ತದಿದ್ದರೆ ಉದ್ಧಟತನ, ಬಗ್ಗಿ ಎತ್ತಿದರೆ ಇಷ್ಟು ದಿನ ಆಡಿದ್ದು ನಾಟಕ. ಕಾರ್ಯದರ್ಶಿ ಎತ್ತಬೇಡ ಎಂದು ಕಣ್ಸನ್ನೆ ಮಾಡಿದ. ಭಾವಮೈದ, ಅವನು ಹೇಗೆ ಒಳಬಂದಿದ್ದನೋ, ಎರಡು ಬೆರಳು ತೋರಿಸಿದ.

ಗಾಡಿಯಣ್ಣ ಹಿಂದಿನ ದಿನ ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವವಳ ಹತ್ತಿರ ಹೋಗಿ ಬಂದಿದ್ದ. ನೆಲದಿಂದ ಏನಾದರೂ ಎತ್ತಬೇಕಾದರೆ ಸೊಂಟವನ್ನು ಮರೆತುಬಿಡಿ, ಮಂಡಿ ಮಡಚಿ ಎಂದು ಅವಳು ಹತ್ತು ಸಲ ಮಾಡಿಸಿದ್ದಳು. ಅವನು ಒಂದು ಕಾಲು ಮುಂದಿಟ್ಟ. ಬೆನ್ನು ಗಳದ ಹಾಗೆ ನೆಟ್ಟಗೆ, ಮುಖ ಎದುರಿಗೆ, ಮಂಡಿಗಳೆರಡ‌ನ್ನೇ ಮಡಚುತ್ತಾ ಇಳಿದ. ಇಳಿಯುವಷ್ಟು ಹೊತ್ತೂ ಅವನ ಕಣ್ಣು ಸಾಹೇಬರ ಕಣ್ಣನ್ನೇ ನೋಡುತ್ತಿತ್ತು; ಬೇರೆ ಕಡೆ ನೋಡಿದರೆ ಕತ್ತು ತಿರುಗುತ್ತದಲ್ಲ. ಪಟ್ಟಿಯನ್ನು ಎತ್ತಿಕೊಂಡ, ಹಾಗೆಯೇ ಎದ್ದ, ಮೇಜಿನ ಮೇಲಿಟ್ಟ, ಹಾರದಂತೆ ಅದರ ಮೇಲೆ ಮೊಹರು ಇಟ್ಟ.

ಅಧಿಕಾರಿಣಿ ಕನ್ನಡಕ ಮೇಲೇರಿಸಿ ನೋಡಿದರು.

"ಮೊದಲು ಬಗ್ತಿದ್ರಂತಲ್ಲ?" ಎಂದು ಕೇಳಿದರು.

"ಅದು ಕಾಯಿಲೆ ಮೇಡಂ," ಎಂದ ಗಾಡಿಯಣ್ಣ. ಇಷ್ಟೇ ಹೇಳಿ ಸುಮ್ಮನಾಗಬೇಕೆಂದು ಮನೆಯಲ್ಲಿ ಪಾಠವಾಗಿತ್ತು. ಆದರೆ ಅವನಿಗೆ ಹೊಸಬರ ನೆನಪಾಯಿತು. "ಸಾಹೇಬ್ರು ನನ್ನ ತೋರಿಸಿ ಹುಡುಗ್ರಿಗೆ ಕಲೀರಿ ಅಂತಿದ್ರು. ಪಾಪ, ಅವ್ರಿಗೂ ಗೊತ್ತಿರಲಿಲ್ಲ."

ಬಾಗಿಲಾಚೆ ಯಾರೋ ಕೆಮ್ಮಿದರು. ಕೆಮ್ಮು ಒಬ್ಬರಿಂದ ಒಬ್ಬರಿಗೆ ಹರಡಿತು. ಅಧಿಕಾರಿಣಿ ಡಾಕ್ಟರ ಚೀಟಿಯನ್ನೂ, ಬೆನ್ನಿನ ನಕ್ಷೆಯನ್ನೂ, ಆಮೇಲೆ ಹನ್ನೊಂದು ಕಡತಗಳ ಪಟ್ಟಿಯನ್ನೂ ಓದಿದರು. ಗೆದ್ದಲಿನ ವರದಿಯನ್ನು ಎರಡು ಸಲ ಓದಿದರು. ಕಡತ ಹುಡುಕಿದ್ದು ಯಾರು ಎಂದು ಕೇಳಿ, ಉತ್ತರ ಬರೆದುಕೊಂಡು, ಉಸ್ತುವಾರಿ ಹುದ್ದೆಯ ಕಡತ ಎಲ್ಲಿ ಎಂದರು. ಸಾಹೇಬರು ಮೇಜಿನ ಬೀಗ ತೆಗೆದರು. ಆಗ ಅಧಿಕಾರಿಣಿ ತಲೆಯೆತ್ತಿ, ಈ ಮನುಷ್ಯ ಇಷ್ಟು ಹೊತ್ತಿನಿಂದ ನಿಂತಿದ್ದಾರೆ, ಆಪರೇಷನ್ ಆದವರು, ಒಂದು ಕುರ್ಚಿ ಹಾಕಿ ಎಂದರು.

ಈ ಸರಳ ಮಾತಿನಿಂದ ಕಚೇರಿಯಲ್ಲಿ ದೊಡ್ಡ ಸಮಸ್ಯೆ ಉಂಟಾಯಿತು. ಕುರ್ಚಿ ತರುವುದು ಅಟೆಂಡರ ಕೆಲಸ. ಇದ್ದೊಬ್ಬ ಅಟೆಂಡರು ಗಾಡಿಯಣ್ಣ. ಅವನು ಎರಡು ಕಿಲೋ ಮೇಲೆ ಎತ್ತುವಂತಿಲ್ಲ. ಗುಮಾಸ್ತರು ಗುಮಾಸ್ತರಾದ್ದರಿಂದ ತರುವಂತಿಲ್ಲ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿದ್ದರು. ಅಧಿಕಾರಿಣಿ ಮಾತ್ರ ಯಾರನ್ನೂ ನೋಡಲಿಲ್ಲ, ಸಾಹೇಬರನ್ನು ನೋಡಿದರು.

ಸಾಹೇಬರು ಎದ್ದರು. ಮೂಲೆಯಲ್ಲಿದ್ದ ಮರದ ಕುರ್ಚಿಯ ಬಳಿ ಹೋದರು. ಹದಿನೆಂಟು ವರ್ಷದ ಅಧಿಕಾರದಲ್ಲಿ ಅವರು ಎತ್ತಿದ ಅತಿ ಭಾರದ ವಸ್ತು ಫೌಂಟನ್ ಪೆನ್ನು. ಮಂಡಿ ಮಡಚಲಿಲ್ಲ. ಸೊಂಟದಿಂದಲೇ ಬಗ್ಗಿ, ಕುರ್ಚಿಯನ್ನು ಒಮ್ಮೆಲೇ ಎತ್ತಿ, ಗಾಡಿಯಣ್ಣನ ಹಿಂದೆ ತಂದು ಇಟ್ಟರು. ಇಟ್ಟವರು ಹಾಗೆಯೇ ಉಳಿದರು.

ಗಾಡಿಯಣ್ಣ ಕೂತ. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಕೂತದ್ದು ಅದೇ ಮೊದಲು. ಸಾಹೇಬರು ಅವನ ಪಕ್ಕದಲ್ಲಿ ಮೇಜಿಗೆ ಕೈಯೂರಿ ಬಗ್ಗಿಕೊಂಡಿದ್ದರು. ಏಳಲು ನೋಡಿದರು, ಕುಂಯ್ ಎಂಬ ಸಣ್ಣ ಸದ್ದು ಬಂತು, ಮತ್ತೆ ಬಗ್ಗಿದರು. ಅಧಿಕಾರಿಣಿ ಬರೆಯುವುದರಲ್ಲಿ ಮುಳುಗಿದ್ದರು. ಆರೋಪದಲ್ಲಿ ಹುರುಳಿಲ್ಲ, ವರ್ಗಾವಣೆ ರದ್ದು, ಕಡತ ಹುಡುಕಿದವನಿಗೇ ಕಡತ ಕೋಣೆಯ ಉಸ್ತುವಾರಿ ಎಂದು ಬರೆದು, ಆದೇಶವನ್ನು ಸಹಿಗಾಗಿ ಸರಿಸಿದರು. ಆ ಭಂಗಿಯಲ್ಲಿ ಸಹಿ ಹಾಕುವುದು ಬಲು ಸುಲಭ. ಕಾಗದ ಸಾಹೇಬರ ಮೂಗಿನ ಕೆಳಗೇ ಇತ್ತು.

ಸಹಿಯಾದ ಮೇಲೆ ಗಾಡಿಯಣ್ಣ ಮೆಲ್ಲಗೆ ಎದ್ದು ಸಾಹೇಬರ ತೋಳಿಗೆ ಕೈಕೊಟ್ಟ. ಅವನಿಗೆ ನಿಜಕ್ಕೂ ಕನಿಕರವಾಗಿತ್ತು. ಅವರ ಕಿವಿಯ ಮಟ್ಟಕ್ಕೆ ಮಂಡಿ ಮಡಚಿ ಇಳಿದು, ಅನುಭವಸ್ಥನ ದನಿಯಲ್ಲಿ ಹೇಳಿದ:

"ನಿಧಾನ ಸಾರ್. ಬಗ್ಗಿರೋದೇ ಆರಾಮ ಅನ್ಸುತ್ತೆ. ಅದನ್ನ ಮಾತ್ರ ನಂಬಬೇಡಿ."